ಪರೇಲ್‌ನ ಗಾಲಾದಲ್ಲಿ ಒಂದು ಸ್ಪಿಟ್‌ಫೈರ್

ಕಾರ್ಕಳದ ನನ್ನ ಮಾವನ ಮನೆಯ ಕೊಟ್ಟಿಗೆಯಲ್ಲಿ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿದೆ. ಮಾವ ಡಾಕ್ಟರು. 1970ರಲ್ಲಿ ಹೊಸದಾಗಿ ತಂದದ್ದು, ನಾಲ್ಕು ಬಾಗಿಲಿನದು. ಅವರು ಹೋದ ಮೇಲೆ ವರ್ಷಕ್ಕೊಮ್ಮೆ ಊರಿಗೆ ಹೋದಾಗ ಭಾವ ಅದನ್ನು ಹೊರಗೆ ತೆಗೆದು ತೊಳೆದು ಒಳಗಿಡುತ್ತಾರೆ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ಮುಲುಂಡ್‌ನಲ್ಲಿರುವವರು. ಕಳೆದ ದೀಪಾವಳಿಗೆ ಅಂಗಳದಲ್ಲಿ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆಯುವಾಗ ಎಡಗಡೆಯ ಮುಂದಿನ ಚಕ್ರ ಟಪ್ ಎಂದು ಮಡಚಿ ಒಳಗೆ ಹೋಯಿತು. ನಡಿಗೆಯ ವೇಗ, ಹಾಗಾಗಿ ಯಾರಿಗೂ ಏನೂ ಆಗಲಿಲ್ಲ. ಅದೇ ಆಗುಂಬೆ ಘಾಟಿಯ ತಿರುವಿನಲ್ಲಾಗಿದ್ದರೆ ಈ ಲೇಖನ ಬೇರೆ ರೀತಿಯದಾಗುತ್ತಿತ್ತು.

ಇದೇ ಹೊತ್ತಿಗೆ ಮನೆ ಪಾಲಾಯಿತು. ಕೊಟ್ಟಿಗೆ ಇರುವ ಭಾಗ ಕಿರಿಯ ಭಾವನ ಪಾಲಿಗೆ ಬಂತು. ಅವರಿಗೆ ಅಲ್ಲಿ ಕಟ್ಟಡ ಎಬ್ಬಿಸಬೇಕು. ಡಿಸೆಂಬರ್ ಒಳಗೆ ಕಾರು ತನ್ನ ಕಾಲ ಮೇಲೆ ಹೊರಗೆ ಬರಬೇಕು, ಇಲ್ಲವಾದರೆ ಗುಜರಿಗೆ. ಅತ್ತೆ ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಆದರೆ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಅದನ್ನೇ.

ಮಾರ್ಚ್‌ನಲ್ಲಿ ಒಂದು ಸಂಜೆ ಭಾವನ ಫೋನು ಬಂತು. "ಭಾವ, ನಿಮ್ಮ ಪರೇಲ್‌ನಲ್ಲೇ ಒಂದು ಟ್ರಯಂಫ್ ಸ್ಪಿಟ್‌ಫೈರ್ ಬಿದ್ದಿದೆಯಂತೆ. ಎರಡೂವರೆ ಲಕ್ಷಕ್ಕೆ ಕೊಡುತ್ತಾರಂತೆ. ನಮ್ಮ ಹೆರಾಲ್ಡ್‌ಗೆ ಅದರ ಸಾಮಾನು ಆಗುತ್ತದಲ್ಲ? ಒಮ್ಮೆ ನೋಡುವಾ."

ನಾನು ಮೂವತ್ತು ವರ್ಷ ಪರೇಲ್‌ನಲ್ಲೇ ಲೇತ್ ಮೆಶಿನಿನ ಮುಂದೆ ನಿಂತವನು. ಮೊದಲು ಮಿಲ್ಲಿನಲ್ಲಿ, ಮಿಲ್ಲು ಮುಚ್ಚಿದ ಮೇಲೆ ಬಾಡಿಗೆ ಗಾಲಾದಲ್ಲಿ. ಕುಟುಂಬದಲ್ಲಿ ಯಾರ ಗಾಡಿ ಕೆಟ್ಟರೂ ನನ್ನ ಅಭಿಪ್ರಾಯ ಕೇಳುವುದು ರೂಢಿ.

ಸಾಮಾನು ಆಗುತ್ತದೆಯೇ? ಆಗುತ್ತದೆ, ಮತ್ತು ಅದಕ್ಕೊಂದು ಕಥೆಯೇ ಇದೆ. ಇಂಗ್ಲೆಂಡಿನ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಫಿಶರ್ ಆಂಡ್ ಲಡ್ಲೋ ಎಂಬ ಸಂಸ್ಥೆಯನ್ನು 1953ರಲ್ಲಿ ಪ್ರತಿಸ್ಪರ್ಧಿ ಬಿಎಂಸಿ ಕೊಂಡುಬಿಟ್ಟಿತು. ಇಡೀ ಮೈಯನ್ನು ಒಂದೇ ತುಂಡಾಗಿ ಮಾಡಿಸುವ ದಾರಿ ಇವರಿಗೆ ಮುಚ್ಚಿತು. ಹಾಗಾಗಿ ಹೆರಾಲ್ಡನ್ನು ಹಳೆಯ ಕ್ರಮದಲ್ಲಿ ಬೇರೆ ಚಾಸಿಯ ಮೇಲೆ ಕಟ್ಟಿ, ಮೈಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟಿನಿಂದ ಜೋಡಿಸಿದರು. ವಿನ್ಯಾಸ ಇಟಲಿಯ ಜೊವಾನ್ನಿ ಮಿಕೆಲೊಟ್ಟಿಯದು. 1959ರಲ್ಲಿ ಕಾರು ಬಂತು. ಬಿಚ್ಚಿ ಪೆಟ್ಟಿಗೆಯಲ್ಲಿ ಕಳಿಸಿ ದೂರದ ದೇಶದಲ್ಲಿ ಜೋಡಿಸುವುದಕ್ಕೆ ಇಂಥ ಕಟ್ಟುವಿಕೆ ಹೇಳಿ ಮಾಡಿಸಿದಂತಿತ್ತು. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1961ರಿಂದ ಅದನ್ನು ಇಲ್ಲಿ ಕಟ್ಟತೊಡಗಿತು. ಮುಂದೆ ಬಂದ ನಾಲ್ಕು ಬಾಗಿಲಿನ ಹೆರಾಲ್ಡ್ ನಮ್ಮ ದೇಶದ್ದೇ. ಇಂಗ್ಲೆಂಡಿನವರಿಗೆ ಅದು ಸಿಗಲೇ ಇಲ್ಲ.

ಇದೇ ಹೆರಾಲ್ಡಿನ ಕೈಕಾಲು ಇಟ್ಟುಕೊಂಡು 1962ರಲ್ಲಿ ಟ್ರಯಂಫ್ ಮಾಡಿದ ಎರಡು ಸೀಟಿನ, ಮಾಡು ಮಡಚುವ ಸ್ಪೋರ್ಟ್ಸ್ ಕಾರೇ ಸ್ಪಿಟ್‌ಫೈರ್. ಅದರ ವಿನ್ಯಾಸವೂ ಮಿಕೆಲೊಟ್ಟಿಯದೇ. ಚಾಸಿ ಬೇರೆ. ಆದರೆ ಮುಂದಿನ ಸಸ್ಪೆನ್ಷನ್, ಸ್ಟೇರಿಂಗ್ ರ್ಯಾಕ್, ಹಿಂದಿನ ಡಿಫರೆನ್ಷಿಯಲ್, ಇಂಜಿನ್ ಎಲ್ಲ ಒಂದೇ ಮನೆತನದವು. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು. ಹಾಗಾಗಿ ಇಂಗ್ಲೆಂಡಿನಲ್ಲಿ ಅದರ ಬಿಡಿಭಾಗಗಳು ಇಂದಿಗೂ ಹೊಸದಾಗಿ ತಯಾರಾಗುತ್ತವೆ. ಇಲ್ಲಿ ಹೆರಾಲ್ಡಿನ ಸಾಮಾನು ಬೇಕೆಂದು ಒಪೇರಾ ಹೌಸ್‌ನ ಅಂಗಡಿಗಳಲ್ಲಿ ಕೇಳಿದರೆ ಮುಖ ನೋಡುತ್ತಾರೆ. ಕುರ್ಲಾದ ಭಂಗಾರ್‌ವಾಲಾಗಳಿಗೆ ಫಿಯೆಟ್ ಗೊತ್ತು, ಅದು ಅವರ ಊರಿನಲ್ಲೇ ತಯಾರಾದ ಕಾರು. ಹೆರಾಲ್ಡ್ ಗೊತ್ತಿಲ್ಲ.

ಹೊರಡುವ ಮೊದಲು ಭಾವನಿಗೆ ಒಂದು ಕೆಲಸ ಹೇಳಿದೆ. ಸ್ಪಿಟ್‌ಫೈರ್‌ನಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದು ಬೇಡ, ನಮ್ಮ ಹೆರಾಲ್ಡಿಗೆ ಏನೇನು ಬೇಕು ಎಂದು ಬರೆಯಿರಿ. ಬಿಡಿಭಾಗಕ್ಕಾಗಿ ಇಡೀ ಕಾರು ಕೊಳ್ಳುವವರಲ್ಲಿ ಮುಕ್ಕಾಲು ಪಾಲು ಜನ ಮೊದಲನೆಯ ಪಟ್ಟಿ ಹಿಡಿದು ಹೋಗುತ್ತಾರೆ. ಎಲ್ಲವೂ ಇದೆ ಎಂದು ಖುಷಿಪಟ್ಟು ತರುತ್ತಾರೆ. ಆಮೇಲೆ ತಮಗೆ ಬೇಡದ ಸಾಮಾನಿಗೆ ಗೋದಾಮು ಹುಡುಕುತ್ತಾರೆ. ಭಾವ ಬರೆದದ್ದು ಆರು ಸಾಲು: ಮುಂದಿನ ಎರಡು ವರ್ಟಿಕಲ್ ಲಿಂಕ್, ಎರಡು ಟ್ರನಿಯನ್, ಸ್ಟೇರಿಂಗ್ ರ್ಯಾಕ್, ಮುಂದಿನ ಬ್ರೇಕು, ಕಾರ್ಬುರೇಟರ್, ಹಿಂದಿನ ಡಿಫರೆನ್ಷಿಯಲ್. ಕೊನೆಯದು ಸದ್ದು ಮಾಡುತ್ತದೆ ಅಷ್ಟೆ.

ಗಾಲಾ ಇದ್ದದ್ದು ಹಿಂದ್‌ಮಾತಾದಿಂದ ಒಳಗೆ ಹೋಗುವ ಗಲ್ಲಿಯಲ್ಲಿ. ಆ ಹೆಸರು ಕೇಳಿದಾಗಲೇ ನನ್ನ ಅರ್ಧ ಆಸೆ ಇಳಿದಿತ್ತು. ಹಿಂದ್‌ಮಾತಾ ಎಂದರೆ ಮುಂಬಯಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ತಟ್ಟೆಯಂಥ ತಗ್ಗು, ನಾಲ್ಕು ಕಡೆಯ ನೀರು ಬಂದು ನಿಲ್ಲುವ ಜಾಗ. ಜೋರು ಮಳೆಯ ಜೊತೆ ಸಮುದ್ರದ ಭರತಿ ಕೂಡಿತೆಂದರೆ ಸೊಂಟಮಟ್ಟ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ 2005ರ ಜುಲೈ 26ನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಹಿಂದ್‌ಮಾತಾಕ್ಕೆ ಅಷ್ಟೆಲ್ಲ ಮಳೆ ಬೇಡ.

ಗಾಲಾದ ಒಡತಿ ಎಪ್ಪತ್ತು ದಾಟಿದ ಮರಾಠಿ ಹೆಂಗಸು. ಸುತ್ತಲಿನವರೆಲ್ಲ ಕಾಕೂ ಎನ್ನುತ್ತಾರೆ. ಗಂಡ ಅಲ್ಲಿ ಚಿಕ್ಕ ಮುದ್ರಣಾಲಯ ನಡೆಸುತ್ತಿದ್ದರಂತೆ. ಆ ಕಾಲದಲ್ಲಿ ವಿದೇಶಿ ರಾಯಭಾರಿಗಳು ತಂದ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾಗುತ್ತಿದ್ದವು. ಇದೂ ಹಾಗೆ ಬಂದದ್ದು. ಗಂಡ ತೀರಿದ ಮೇಲೆ ಕಾರನ್ನು ಯಾರೂ ಮುಟ್ಟಿಲ್ಲ. ಗಾಲಾವನ್ನು ಬಾಡಿಗೆಗೆ ಕೊಟ್ಟರೆ ತಿಂಗಳ ಖರ್ಚು ಸಾಗುತ್ತದೆ, ಆದರೆ ಕಾರು ಜಾಗ ಹಿಡಿದಿದೆ.

ಟಾರ್ಪಾಲಿನ್ ಸರಿಸಿದೆವು. ಕೆಂಪು ಬಣ್ಣ, ಮೇಲೆ ಬೆರಳು ದಪ್ಪ ಧೂಳು. ಮಾರ್ಕ್ 3 ಮಾದರಿ, 1296 ಸಿಸಿ ಇಂಜಿನ್, 75 ಅಶ್ವಶಕ್ತಿ. ನಮ್ಮ ಹೆರಾಲ್ಡಿನ 948 ಸಿಸಿ ಇಂಜಿನ್ನಿನ ಎರಡರಷ್ಟು. ಭಾವ ಬಾಗಿಲು ತೆಗೆದು ಒಳಗೆ ಕೂತೇಬಿಟ್ಟರು. ಐವತ್ತೆಂಟು ವರ್ಷದ ಮನುಷ್ಯ, ಮಧುಮೇಹಿ, ಬ್ಯಾಂಕಿನ ಮ್ಯಾನೇಜರು. ಸ್ಟೇರಿಂಗ್ ಹಿಡಿದು ಕೂತಾಗ ಮುಖ ಕಾಲೇಜು ಹುಡುಗನದಾಗಿತ್ತು. ಇವರನ್ನು ಕರೆತಂದರೆ ಚೌಕಾಸಿ ಆದಂತೆಯೇ ಎಂದುಕೊಂಡೆ.

ನಾನು ಮೊದಲು ನೋಡಿದ್ದು ಕಾರನ್ನಲ್ಲ, ಗೋಡೆಯನ್ನು. ಸುಣ್ಣದ ಮೇಲೆ ನೀರು ನಿಂತ ಗೆರೆಗಳು ಒಂದರ ಮೇಲೊಂದು. ಎಲ್ಲಕ್ಕಿಂತ ಮೇಲಿನದು ಕಾರಿನ ಸೀಟಿನ ಮಟ್ಟಕ್ಕಿತ್ತು. ಆಮೇಲೆ ಡಿಫರೆನ್ಷಿಯಲ್‌ನ ಪ್ಲಗ್ಗು ತೆಗೆದು ತಂತಿ ಇಳಿಸಿದೆ. ಎಣ್ಣೆ ಬರಲಿಲ್ಲ, ಹಾಲು ಹಾಕಿದ ಚಹಾ ಬಂತು. ನೀರು ಹೊಕ್ಕು ವರ್ಷಗಳಾಗಿವೆ. ಒಳಗಿನ ಬೇರಿಂಗ್, ಹಲ್ಲು ಎಲ್ಲ ತುಕ್ಕು. ಇದು ಚೆನ್ನಾಗಿದ್ದರೂ ನಮಗೆ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಸ್ಪಿಟ್‌ಫೈರ್‌ನ ಗೇರು ಅನುಪಾತ 4.11, 948 ಸಿಸಿ ಹೆರಾಲ್ಡಿನದು 4.875. ಬೋಲ್ಟು ಕೂರುತ್ತದೆ, ಹೆದ್ದಾರಿಯಲ್ಲಿ ಇಂಜಿನ್ ಹಾಯಾಗಿ ಓಡುತ್ತದೆ. ಆದರೆ ಆ ಬಡ ಇಂಜಿನ್ ಘಾಟಿ ಹತ್ತುವಾಗ ಉಬ್ಬಸ ಪಡುತ್ತದೆ.

ಇಂಜಿನ್ನಿನಲ್ಲಿ ನೋಡಬೇಕಾದದ್ದು ಒಂದೇ ಒಂದು. ಈ ಮನೆತನದ ಇಂಜಿನ್ನುಗಳಲ್ಲಿ ಕ್ರ್ಯಾಂಕ್ ಶಾಫ್ಟ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಅರ್ಧಚಂದ್ರಾಕಾರದ ಎರಡು ತೆಳ್ಳನೆಯ ವಾಷರ್‌ಗಳಿವೆ. ಅವು ಸವೆದು ಕೆಳಗೆ ಬಿದ್ದರೆ ಶಾಫ್ಟು ಬ್ಲಾಕನ್ನೇ ತಿನ್ನುತ್ತದೆ. ಓಡುವ ಕಾರಾದರೆ ಒಬ್ಬರು ಕ್ಲಚ್ ತುಳಿದಾಗ ಮುಂದಿನ ಪುಲ್ಲಿ ಅಲುಗುತ್ತದೆಯೇ ಎಂದು ನೋಡಿದರೆ ಸಾಕು. ಇಲ್ಲಿ ಕ್ಲಚ್ ಸತ್ತಿತ್ತು. ದೊಡ್ಡ ಸ್ಕ್ರೂಡ್ರೈವರ್ ಕೊಟ್ಟು ಮೀಟಿದೆ. ಕೂದಲೆಳೆಯಷ್ಟು ಅಲುಗಬೇಕಾದದ್ದು ಕಣ್ಣಿಗೆ ಕಾಣುವಷ್ಟು ಸರಿಯಿತು. ಅದೂ ಹೋಯಿತು.

ಉಳಿದದ್ದು ನಾವು ಬಂದ ಮುಖ್ಯ ಕಾರಣ. ಈ ಕಾರುಗಳ ಮುಂದಿನ ಚಕ್ರ ನಿಂತಿರುವುದು ವರ್ಟಿಕಲ್ ಲಿಂಕ್ ಎಂಬ ಉಕ್ಕಿನ ಕಂಬದ ಮೇಲೆ. ಕಂಬದ ಬುಡದಲ್ಲಿ ಥ್ರೆಡ್ ಇದೆ. ಅದು ಟ್ರನಿಯನ್ ಎಂಬ ಕಂಚಿನ ಗಟ್ಟಿಯೊಳಗೆ ಸ್ಕ್ರೂವಿನಂತೆ ಕೂತಿರುತ್ತದೆ. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಆ ಸ್ಕ್ರೂ ಸ್ವಲ್ಪ ಬಿಚ್ಚಿಕೊಂಡು ಸ್ವಲ್ಪ ಮುಚ್ಚಿಕೊಳ್ಳುತ್ತದೆ. ಎಡಬಲಕ್ಕೆ ಥ್ರೆಡ್ ಉಲ್ಟಾ. ಜಾಣ ಏರ್ಪಾಡು. ಹೆರಾಲ್ಡ್ 25 ಅಡಿಯ ವೃತ್ತದಲ್ಲಿ ಲಂಡನ್ ಟ್ಯಾಕ್ಸಿಯಂತೆ ತಿರುಗುತ್ತದಲ್ಲ, ಅದಕ್ಕೆ ಚಕ್ರ ಅಷ್ಟು ವಾರೆಯಾಗಲು ಈ ಜೋಡಣೆ ಬಿಡುತ್ತದೆ. ಲೋಟಸ್ ಇಲಾನ್‌ನಂಥ ಹೆಸರಾಂತ ಕಾರಿನಲ್ಲೂ ಈ ಟ್ರಯಂಫ್ ಮೂಲದ ಕಂಬವೇ ಇತ್ತು. ಆದರೆ ಅದಕ್ಕೆ ಹಾಕಬೇಕಾದದ್ದು ಗೇರ್ ಎಣ್ಣೆ, 90 ನಂಬರಿನದು. ಗ್ರೀಸ್ ಅಲ್ಲ. ಗ್ರೀಸ್ ಹಾಕಿದರೆ ಅದು ಗಟ್ಟಿಯಾಗಿ ಕೂತು, ಥ್ರೆಡ್ಡಿನ ಬುಡದಲ್ಲಿ ನೀರು ಹಿಡಿದು, ಉಕ್ಕು ಒಳಗಿಂದೊಳಗೆ ಸವೆದು ಒಂದು ದಿನ ಮುರಿಯುತ್ತದೆ. ಹೆಚ್ಚಾಗಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೇ. ಕಾರ್ಕಳದ ಅಂಗಳದಲ್ಲಿ ಆದದ್ದು ಅದೇ.

ಕಂಚಿನ ಟ್ರನಿಯನ್ ಬೇಕಾದರೆ ನಾನೇ ಲೇತ್‌ನಲ್ಲಿ ಕಡೆದು ಕೊಟ್ಟೇನು. ವರ್ಟಿಕಲ್ ಲಿಂಕ್ ಮಾತ್ರ ಬಡಿದು ಮಾಡಿದ ಉಕ್ಕು, ಮೂಲ ಸಾಮಾನೇ ಬೇಕು. ಹೆಂಡತಿಯ ಅಣ್ಣನ ಜೀವ ನನ್ನ ವೆಲ್ಡಿಂಗ್ ಮೇಲೆ ನಿಲ್ಲುವುದು ನನಗೆ ಬೇಡ.

ಕಾಕೂ ಅವರ ಅನುಮತಿ ಕೇಳಿ ಎಡಗಡೆಯ ಚಕ್ರ ಬಿಚ್ಚಿದೆ. ಟ್ರನಿಯನ್ ಸುತ್ತ ಕರಿದಾಗಿ ಒಣಗಿದ ಗ್ರೀಸ್. ನೋಡಿದೊಡನೆ ಗೊತ್ತಾಯಿತು. ಥ್ರೆಡ್ಡಿನ ಬುಡವನ್ನು ತಂತಿ ಬ್ರಷ್‌ನಿಂದ ಉಜ್ಜಿದರೆ ಉಗುರು ಸಿಕ್ಕುವಷ್ಟು ಹೊಂಡಗಳು. ಬಲಗಡೆಯದು ಅಷ್ಟಿಲ್ಲ, ಆದರೆ ಅದನ್ನೂ ನಾನು ಹಾಕಲಾರೆ. ಸ್ಟೇರಿಂಗ್ ರ್ಯಾಕ್ ಚೆನ್ನಾಗಿತ್ತು. ಜೋಡಿ ಎಸ್‌ಯು ಕಾರ್ಬುರೇಟರ್‌ಗಳು ತೊಳೆದರೆ ಸಾಕು ಎನ್ನುವಂತಿದ್ದವು, ಆದರೆ ನಮ್ಮ ಒಂಟಿ ಕಾರ್ಬುರೇಟರಿನ ಜಾಗಕ್ಕೆ ಅವು ಬರಬೇಕಾದರೆ ಮ್ಯಾನಿಫೋಲ್ಡೂ ಬದಲಾಗಬೇಕು. ಡಿಸ್ಕ್ ಬ್ರೇಕುಗಳು ಕಚ್ಚಿ ಕೂತಿದ್ದವು. ಭಾವನ ಆರು ಸಾಲುಗಳಲ್ಲಿ ಒಂದಕ್ಕೆ ಗುರುತು ಬಿತ್ತು.

ಗಲ್ಲಿಯ ಬಾಯಿಯ ಟಪರಿಯಲ್ಲಿ ಕಟಿಂಗ್ ಚಹಾ ಹಿಡಿದು ಲೆಕ್ಕ ಹಾಕಿದೆವು. ಎರಡೂವರೆ ಲಕ್ಷಕ್ಕೆ ಒಂದು ಸ್ಟೇರಿಂಗ್ ರ್ಯಾಕ್.

"ಹಾಗಂತ ಬಿಟ್ಟು ಹೋಗುವುದಾ ಭಾವ? ಒಂದೂವರೆಗೆ ಕೇಳುವಾ. ಉಳಿದದ್ದನ್ನು ಬಿಡಿಬಿಡಿಯಾಗಿ ಮಾರಿದರೆ ಹಣ ವಾಪಸು ಬರುತ್ತದೆ."

ಬರಬಹುದು. ಆದರೆ ಬಿಚ್ಚಿ ಮಾರಲು ಹೊರಟವನ ತಲೆ ಮೇಲೆ ಕಾನೂನಿನ ಹೊರೆಯೂ ಬರುತ್ತದೆ. ಮೋಟಾರು ವಾಹನ ಕಾಯಿದೆಯ 55ನೇ ಕಲಮಿನ ಪ್ರಕಾರ ವಾಹನ ಶಾಶ್ವತವಾಗಿ ನಿರುಪಯುಕ್ತವಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇಂಜಿನ್ ಬದಲಿಸಿದರೆ ಅದೂ ಆರ್‌ಸಿಯಲ್ಲಿ ದಾಖಲಾಗಬೇಕು. ಆಮದಾದ ಕಾರಾದರೆ ಕಸ್ಟಮ್ಸ್ ಕಾಗದ ನೋಡದೆ ಒಂದು ರೂಪಾಯಿ ಕೊಡಬಾರದು, ಸುಂಕ ಕಟ್ಟದ ಕಾರು ಎಷ್ಟು ವರ್ಷವಾದರೂ ಸುಂಕ ಕಟ್ಟದ ಕಾರೇ.

ಕಾಗದ ಕೇಳಲು ಮತ್ತೆ ಒಳಗೆ ಹೋದೆವು. ಕಾಕೂ ಪ್ಲಾಸ್ಟಿಕ್ ಚೀಲವೊಂದನ್ನು ತಂದಿಟ್ಟರು. ಮೂರಕ್ಷರದ ಹಳೆಯ ಬೊಂಬಾಯಿ ನಂಬರಿನ ಆರ್‌ಸಿ ಪುಸ್ತಕ, ಮಾರಾಟದ ಪತ್ರ, ಸುಂಕ ಕಟ್ಟಿದ ರಸೀದಿ, ವಿಮೆಯ ಹಳೆಯ ಕಾಗದಗಳು ಎಲ್ಲ ವರ್ಷವಾರು ಪಿನ್ನು ಹಾಕಿ ಜೋಡಿಸಿದ್ದವು. ಚಾಸಿ ನಂಬರು, ಇಂಜಿನ್ ನಂಬರು ಎರಡೂ ತಾಳೆಯಾದವು. ಬಾಗಿಲ ಕೆಳಗಿನ ಉದ್ದ ಪೆಟ್ಟಿಗೆಗಳೇ ಸ್ಪಿಟ್‌ಫೈರ್‌ನ ಬೆನ್ನೆಲುಬು, ಅವು ಹೋದರೆ ಕಾರು ನಡುವಿನಲ್ಲಿ ಬಾಗುತ್ತದೆ. ಇದರಲ್ಲಿ ಹೊರಗಿನ ತಗಡು ಉದುರಿದ್ದರೂ ಬಾಗಿಲ ಸಂದು ಮೇಲೆ ಕೆಳಗೆ ಒಂದೇ ಸಮನಾಗಿತ್ತು.

ಅಲ್ಲಿಗೆ ನನ್ನ ಮನಸ್ಸು ತಿರುಗಿತು. ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಖಾಸಗಿ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ನಂಬರಿನ ನಡುವೆ ವಿಎ ಎಂಬ ಅಕ್ಷರ ಬರುತ್ತದೆ. ದಿನನಿತ್ಯ ಓಡಿಸುವಂತಿಲ್ಲ, ಆದರೆ ಇಟ್ಟುಕೊಳ್ಳಬಹುದು, ಪ್ರದರ್ಶನಕ್ಕೆ ಒಯ್ಯಬಹುದು. ಇಂಥ ಕಾಗದವಿರುವ ಸ್ಪಿಟ್‌ಫೈರ್ ನಮ್ಮ ದೇಶದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಸರಿಪಡಿಸಿ ಇಟ್ಟುಕೊಳ್ಳುವವನಿಗೆ ಆ ಪ್ಲಾಸ್ಟಿಕ್ ಚೀಲಕ್ಕೇ ಅರ್ಧ ಬೆಲೆ. ಬಿಚ್ಚುವವನಿಗೆ ಅದು ರದ್ದಿ.

ಕಾಕೂಗೆ ಹಾಗೆಯೇ ಹೇಳಿದೆ. ಇದನ್ನು ಬಿಡಿಭಾಗಕ್ಕೆಂದು ಕೇಳುವವರಿಗೆ ಕೊಡಬೇಡಿ, ಕಾಗದದ ಚೀಲವನ್ನು ಮೊದಲೇ ಯಾರ ಕೈಗೂ ಕೊಡಬೇಡಿ, ಹಳೆಯ ಕಾರುಗಳ ಕ್ಲಬ್ಬಿನವರಿಗೆ ತೋರಿಸಿ, ಎರಡೂವರೆಗಿಂತ ಹೆಚ್ಚು ಬರುತ್ತದೆ. ಅವರು ಗಂಡನ ಫೋಟೋದ ಕಡೆ ನೋಡಿ, ಆಮೇಲೆ ನನ್ನನ್ನು ನೋಡಿ, "ಹಾಗಾದರೆ ನೀವು ತಗೊಳ್ಳುವುದಿಲ್ಲವಾ?" ಎಂದು ಮರಾಠಿಯಲ್ಲಿ ಕೇಳಿದರು.

ಹೊರಗೆ ಬಂದ ಮೇಲೆ ಭಾವ ಪರೇಲ್ ಸ್ಟೇಷನ್ ಬರುವವರೆಗೂ ಮಾತಾಡಲಿಲ್ಲ. ಸೇತುವೆ ಹತ್ತುವಾಗ ಹೇಳಿದರು: "ಭಾವ, ನೀವು ಯಾರ ಕಡೆಯವರು ಮಾರಾಯ್ರೆ?"

ಎರಡು ವರ್ಟಿಕಲ್ ಲಿಂಕ್, ಎರಡು ಟ್ರನಿಯನ್, ಬೇಕಾದ ಬುಶ್ಶು, ರಬ್ಬರು ಎಲ್ಲ ಇಂಗ್ಲೆಂಡಿನಿಂದ ಹೊಸದಾಗಿ ತರಿಸಿದೆವು. ಕೊರಿಯರ್, ಸುಂಕ ಸೇರಿ 65,000 ರೂಪಾಯಿ ಚಿಲ್ಲರೆ. ರ್ಯಾಕ್ ನಾನೇ ಬಿಚ್ಚಿ ಸರಿಮಾಡಿದೆ. ಡಿಫರೆನ್ಷಿಯಲ್ ಸದ್ದು ಮಾಡಿಕೊಂಡೇ ಇರಲಿ ಎಂದೆವು. ಮೇ ತಿಂಗಳಲ್ಲಿ ಕಾರ್ಕಳಕ್ಕೆ ಹೋಗಿ ಮೂರು ದಿನ ಕೂತು ಜೋಡಿಸಿದೆ. ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಭಾವ ಅನೆಕೆರೆಯವರೆಗೆ ಹೋಗಿ ಬಂದರು. ಕಾರು ಈಗ ಉಡುಪಿಯಲ್ಲಿ ಒಬ್ಬ ನೆಂಟರ ಶೆಡ್ಡಿನಲ್ಲಿದೆ. ಎಣ್ಣೆಯ ಗನ್ನಿನ ಮೇಲೆ "90, ಗ್ರೀಸ್ ಅಲ್ಲ" ಎಂದು ಬಣ್ಣದಲ್ಲಿ ಬರೆದಿಟ್ಟು ಬಂದಿದ್ದೇನೆ.

ಸ್ಪಿಟ್‌ಫೈರ್ ಇನ್ನೂ ಮಾರಾಟವಾಗಿಲ್ಲ. ಇಬ್ಬರು ಬಂದು ನೋಡಿ ಹೋಗಿದ್ದಾರೆ, ಒಬ್ಬರು ಪುಣೆಯವರು ಎರಡನೆಯ ಸಲ ಬರುತ್ತೇನೆಂದಿದ್ದಾರೆ. ಗಾಲಾದ ಬಾಡಿಗೆ ಅಲ್ಲಿಯವರೆಗೆ ಕಾಕೂಗೆ ನಷ್ಟವೇ. ಮಳೆ ಹಿಡಿಯುವ ಮುಂಚೆ ಹೋಗಿ, ಗಲ್ಲಿಯ ಇಬ್ಬರು ಹುಡುಗರನ್ನು ಸೇರಿಸಿಕೊಂಡು, ಕಾರನ್ನು ಇನ್ನೂ ಎರಡಡಿ ಎತ್ತಿ ಕಾಂಕ್ರೀಟ್ ಬ್ಲಾಕುಗಳ ಮೇಲೆ ಕೂರಿಸಿ ಬಂದೆ. ಗೋಡೆಯ ಮೇಲಿನ ಗೆರೆಗಿಂತ ಈಗ ಅದು ಒಂದು ಗೇಣು ಮೇಲಿದೆ.