ಸವಣೂರಿನ ಎಲೆ ಪೆಂಡಿಯೂ ಕಂಪ್ಯೂಟರಿನ ನೆನಪೂ

“ಸರ, ಮದುಮಗಳ ಮಾರಿ ಚಲೋನ ಐತ್ರಿ. ಕೊಳ್ಳಾಗಿನ ಸರದಿಂದ ಕೆಳಗ ಎಲ್ಲಾ ನೇರಳೆ ಆಗೈತ್ರಿ.”

ಹಾನಗಲ್ಲಿನಲ್ಲಿ ಮದುವೆ ಆಲ್ಬಮ್ ಮಾಡಿಕೊಡುವ ಹುಡುಗನೊಬ್ಬ ಫೋನಿನಲ್ಲಿ ಹೀಗೆ ಹೇಳಿದಾಗ ಕ್ಯಾಮೆರಾ ಕೆಟ್ಟಿರಬೇಕು ಅಂದುಕೊಂಡೆ. ಭಾನುವಾರ ಶಿಗ್ಗಾಂವಿಯಿಂದ ಬೈಕ್ ಹತ್ತಿ ಹೋಗಿ ನೋಡಿದರೆ ಸಂಗತಿ ಬೇರೆಯೇ. ಕ್ಯಾಮೆರಾದ ಕಾರ್ಡಿನಲ್ಲಿ ಫೋಟೊ ನೆಟ್ಟಗಿತ್ತು. ಕಂಪ್ಯೂಟರಿಗೆ ಇಳಿಸಿಕೊಂಡ ಪ್ರತಿಯಲ್ಲಿ ಮಾತ್ರ ಹಸಿರು ಇಳಕಲ್ ಸೀರೆ ಅರ್ಧಕ್ಕೇ ನೇರಳೆಗೆ ತಿರುಗಿತ್ತು. ಎಂಟುನೂರು ಫೋಟೊಗಳಲ್ಲಿ ಐದರ ಗತಿ ಹೀಗಾಗಿತ್ತು. ದಿನಕ್ಕೊಮ್ಮೆ ಪರದೆ ನೀಲಿಯಾಗಿ ಯಂತ್ರ ತಾನಾಗಿಯೇ ಬಂದ್ ಆಗುತ್ತಿತ್ತಂತೆ. ಕ್ಯಾಬಿನೆಟ್ಟಿನ ಹಿಡಿಕೆಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದರು. “ಮೂರು ಸಲ ಫಾರ್ಮ್ಯಾಟ್ ಹೊಡಿಸೀನ್ರಿ, ವೈರಸ್ ಹೊಂಟಿಲ್ಲ” ಅಂದ.

ನಿಂಬೆಹಣ್ಣನ್ನು ಆಮೇಲೆ ನೋಡೋಣ, ಮೊದಲು ಈ ವೈರಸ್ಸಿನ ಮಾತು. ನಮ್ಮ ಊರುಗಳಲ್ಲಿ ಕಂಪ್ಯೂಟರಿಗೆ ಏನೇ ಆಗಲಿ ಅದು ವೈರಸ್ಸು, ಅದಕ್ಕೆ ಮದ್ದು ಫಾರ್ಮ್ಯಾಟ್. ಹಿಂದಿನವರು ಎಲ್ಲ ಜ್ವರಕ್ಕೂ ಒಂದೇ ಕಷಾಯ ಕುಡಿಸಿದ ಹಾಗೆ. ಸ್ವಲ್ಪ ಯೋಚಿಸಿ: ವೈರಸ್ ಬರೆಯುವವನಿಗೆ ಬೇಕಾದದ್ದು ದುಡ್ಡು. ಅವನು ಫೋಟೊಗಳಿಗೆಲ್ಲ ಬೀಗ ಜಡಿದು ಹಣ ಕೇಳಬಹುದು. ಎಂಟುನೂರರಲ್ಲಿ ಐದು ಆರಿಸಿಕೊಂಡು ಮದುಮಗಳ ಸೀರೆಗೆ ಬಣ್ಣ ಹಚ್ಚುತ್ತ ಕೂರುವಷ್ಟು ಪುರುಸೊತ್ತು ಯಾವ ಕಳ್ಳನಿಗೂ ಇರುವುದಿಲ್ಲ.

ಆ ನೇರಳೆ ಬಣ್ಣವೇ ನನಗೆ ರೋಗ ಹೇಳಿಬಿಟ್ಟಿತ್ತು. ಜೆಪೆಗ್ ಫೋಟೊ ಎಂದರೆ ಎಂಟೆಂಟು ಚುಕ್ಕಿಗಳ ಪುಟ್ಟ ಚೌಕಗಳ ಸಾಲು. ಜಾಗ ಉಳಿಸಲು ಪ್ರತಿ ಚೌಕವೂ ತನ್ನ ಬಣ್ಣವನ್ನು ಪೂರ್ತಿ ಹೇಳುವುದಿಲ್ಲ. ಹಿಂದಿನ ಚೌಕಕ್ಕಿಂತ ತಾನೆಷ್ಟು ಹೆಚ್ಚು, ಎಷ್ಟು ಕಡಿಮೆ ಎಂದಷ್ಟೇ ಬರೆದಿಡುತ್ತದೆ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ಕೆಳಗಿನ ಬಾಕಿಯೆಲ್ಲ ತಪ್ಪುತ್ತದಲ್ಲ, ಹಾಗೇ ಇಲ್ಲೂ. ಕೊರಳ ಸರದ ಹತ್ತಿರ ಒಂದೇ ಒಂದು ಬಿಟ್, ಸೊನ್ನೆ ಇದ್ದದ್ದು ಒಂದಾದರೆ ಸಾಕು, ಅಲ್ಲಿಂದ ಕೆಳಗಿನ ಸೀರೆಯೆಲ್ಲ ನೇರಳೆ. ಕಾರ್ಡಿನಿಂದ ಡಿಸ್ಕಿಗೆ ಹೋಗುವ ದಾರಿಯಲ್ಲಿ ಫೋಟೊ ಒಂದು ಗಳಿಗೆ ರ‍್ಯಾಮ್‌ನಲ್ಲಿ ತಂಗುತ್ತದೆ. ಬಿಟ್ ಎಡವಿದ್ದು ಅಲ್ಲೇ ಇರಬೇಕು.

“ಹೊಸದಾಗಿ ಏನರ ಹಾಕಿಯೇನು?” ಎಂದೆ. ಹಾಕಿದ್ದ. ಹಿರೇಕೆರೂರಿನ ದೋಸ್ತನೊಬ್ಬನ ಮಾತು ಕೇಳಿ ಹುಬ್ಬಳ್ಳಿಯಿಂದ ಇನ್ನೆರಡು ರ‍್ಯಾಮ್ ಸ್ಟಿಕ್ಕು ತಂದು ಎರಡಿದ್ದಲ್ಲಿ ನಾಲ್ಕು ಮಾಡಿದ್ದ. ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಎಂಬುದನ್ನು ಒತ್ತಿ 2133ರ ವೇಗವನ್ನು 3200ಕ್ಕೆ ಏರಿಸಿದ್ದ. ಇದಕ್ಕೇ ಓವರ್‌ಕ್ಲಾಕಿಂಗ್ ಎನ್ನುವುದು: ಚಿಪ್ಪಿನ ತಾಳವನ್ನು ಖಾತರಿ ಕೊಟ್ಟ ಲಯಕ್ಕಿಂತ ಜೋರಾಗಿ ಬಡಿಯುವುದು.

ಬೈಯಲು ನನಗೇನು ಅಧಿಕಾರ! 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಎಂಬ ಅಗ್ಗದ ಚಿಪ್ಪು ಬಂದಿತ್ತು. ಮದರ್‌ಬೋರ್ಡಿನ ‘ಬಸ್’ ಎಂಬ ಒಳದಾರಿಯ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಏರಿಸಿದರೆ 300ರ ಚಿಪ್ಪು 450ರಲ್ಲಿ ಓಡುತ್ತಿತ್ತು. ಆ ಪುಕ್ಕಟೆ 150ರ ಖುಷಿಗೆ ನಾನೂ ರಾತ್ರಿಗಟ್ಟಲೆ ನಿದ್ದೆ ಕೆಟ್ಟವನೇ. ಆದರೆ ನನ್ನ ಯಂತ್ರದಲ್ಲಿ ಯಾರ ಮದುವೆಯೂ ಇರಲಿಲ್ಲ.

ಈಗ ನನಗೆ ತುಂಬ ಇಷ್ಟವಾದ ಭಾಗ. ಸವಣೂರಿನ ವಿಳ್ಯದೆಲೆ ಯಾರಿಗೆ ಗೊತ್ತಿಲ್ಲ? ಸಂತೆಯಲ್ಲಿ ಎಲೆ ಮಾರುವವರನ್ನು ಗಮನಿಸಿದ್ದೀರಾ? ಗಿರಾಕಿ ಇರಲಿ ಬಿಡಲಿ, ಕೈ ಸುಮ್ಮನಿರುವುದಿಲ್ಲ. ಒಂದು ತುದಿಯ ಪೆಂಡಿಯಿಂದ ಇನ್ನೊಂದು ತುದಿಯವರೆಗೆ ನೀರು ಚಿಮುಕಿಸುತ್ತ ಹೋಗುತ್ತಾರೆ. ಕೊನೆ ಮುಟ್ಟುವಷ್ಟರಲ್ಲಿ ಮೊದಲನೆಯದು ಒಣಗಲು ಶುರುವಾಗಿರುತ್ತದೆ, ಮತ್ತೆ ಅಲ್ಲಿಂದ. ನಿಮ್ಮ ಕಂಪ್ಯೂಟರಿನ ರ‍್ಯಾಮ್ ಇಡೀ ದಿನ ಮಾಡುವುದು ಇದನ್ನೇ.

1966ರಲ್ಲಿ ಐಬಿಎಂನ ರಾಬರ್ಟ್ ಡೆನಾರ್ಡ್‌ಗೆ ಹೊಳೆದ ಉಪಾಯವಿದು. ಒಂದು ಬಿಟ್ ನೆನಪಿಡಲು ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು ಸಾಕು. ಕೆಪಾಸಿಟರು ವಿದ್ಯುತ್ತು ತುಂಬಿಡುವ ಕೊಡ: ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. 1968ರಲ್ಲಿ ಪೇಟೆಂಟೂ ಸಿಕ್ಕಿತು. ತೊಂದರೆ ಒಂದೇ, ಆ ಕೊಡ ತೂತು. ಇಂದಿನ ಚಿಪ್ಪಿನ ಒಂದು ಕೊಡದಲ್ಲಿ ಹಿಡಿಯುವುದು ಕೆಲವೇ ಹತ್ತು ಸಾವಿರ ಎಲೆಕ್ಟ್ರಾನು. ತುಂಬಿಸಿದ ಮರುಕ್ಷಣದಿಂದ ಅವು ಸೋರತೊಡಗುತ್ತವೆ. ಆದ್ದರಿಂದ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಒಂದೊಂದು ಕೊಡವನ್ನೂ ಇಣುಕಿ ನೋಡಿ, ತುಂಬಿದ್ದನ್ನು ಮತ್ತೆ ತುಂಬಿಸಬೇಕು. 8 ಜಿಬಿಯ ಒಂದು ಸ್ಟಿಕ್ಕಿನಲ್ಲಿ ಇಂಥ ಕೊಡಗಳು ಸುಮಾರು 6,872 ಕೋಟಿ. ಅಷ್ಟೂ ಕೊಡಗಳಿಗೆ ಸೆಕೆಂಡಿಗೆ ಹದಿನೈದು ಸಲ ನೀರು! ನೀವು ಚಹಾ ಕುಡಿಯುತ್ತ ಖಾಲಿ ಪರದೆ ನೋಡುತ್ತ ಕುಳಿತಾಗಲೂ ಇದು ನಡೆದೇ ಇರುತ್ತದೆ. ಕರೆಂಟು ಹೋದೊಡನೆ ಉಳಿಸದ ಕೆಲಸ ಮಾಯವಾಗುವುದು ನೀರು ಚಿಮುಕಿಸುವ ಕೈ ನಿಂತದ್ದರಿಂದ.

ಬಿಸಿಲೇರಿದರೆ ಎಲೆಯವರು ಕೈ ಚುರುಕು ಮಾಡುತ್ತಾರೆ. ರ‍್ಯಾಮ್‌ಗೂ ಅದೇ ನಿಯಮ, ಮಾನದಂಡದಲ್ಲೇ ಬರೆದಿದೆ: ಚಿಪ್ಪಿನ ಬಿಸಿ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ 64 ಮಿಲಿಸೆಕೆಂಡಿನ ಸುತ್ತು 32ಕ್ಕೆ ಇಳಿಯಬೇಕು. ಬಿಸಿ ಹೆಚ್ಚಿದಷ್ಟೂ ಕೊಡ ಜೋರಾಗಿ ಸೋರುತ್ತದೆ. “ಮುಂಜಾನೆ ಚಲೋ ಇರತೈತ್ರಿ, ಮಧ್ಯಾಹ್ನ ಆದ್ ಕೂಡ್ಲೆ ಕೈ ಕೊಡತೈತಿ” ಎಂದು ಹುಡುಗ ಹೇಳಿದ್ದರಲ್ಲಿ ರಾಹುಕಾಲದ ಪಾತ್ರವಿಲ್ಲ. ತಗಡಿನ ಮಾಳಿಗೆಯ ಕೋಣೆ, ಏಪ್ರಿಲ್ ತಿಂಗಳು, ಆಯುಧ ಪೂಜೆಯ ಕುಂಕುಮ ಮೆತ್ತಿಕೊಂಡ ಫ್ಯಾನು. ಕುಂಕುಮವನ್ನು ಕ್ಯಾಬಿನೆಟ್ಟಿನ ಹೊರಗೆ ಹಚ್ಚಿ ಎಂದು ಪ್ರತಿ ವರ್ಷ ಹೇಳುತ್ತೇನೆ, ಯಾರೂ ಕೇಳುವುದಿಲ್ಲ.

ವೇಗ ಏರಿಸಿದರೆ ಏನು ಕೆಡುತ್ತದೆ? ಕೊಡದಲ್ಲಿ ನೀರಿದೆಯೇ ಎಂದು ನೋಡಲು ಅದನ್ನು ದೊಡ್ಡ ತೊಟ್ಟಿಯೊಂದಕ್ಕೆ ಬಗ್ಗಿಸಬೇಕು. ಅಂದರೆ ಓದುವುದೂ ಒಂದೇ, ಖಾಲಿ ಮಾಡುವುದೂ ಒಂದೇ. ತೊಟ್ಟಿಯ ಮಟ್ಟ ಕೂದಲೆಳೆಯಷ್ಟು ಏರಿತೋ ಇಳಿಯಿತೋ ಎಂಬುದನ್ನು ತಕ್ಕಡಿಯಂಥ ಒಂದು ಸರ್ಕ್ಯೂಟು ತೂಗಿ, ತೀರ್ಪು ಹೇಳಿ, ಕೊಡವನ್ನು ಮತ್ತೆ ತುಂಬಿಸಿ ಇಡುತ್ತದೆ. ಇದಕ್ಕೆಲ್ಲ ಹತ್ತಾರು ನ್ಯಾನೊಸೆಕೆಂಡು ಬೇಕು. ಅವಸರ ಮಾಡಿದರೆ ಸಂತೆಯಲ್ಲಿ ಮುಳ್ಳು ನಿಲ್ಲುವ ಮೊದಲೇ ತೂಕ ಹೇಳುವ ವ್ಯಾಪಾರಿಯ ಕತೆ. ಸಾವಿರ ಸಲ ಅಂದಾಜು ಸರಿ ಬರುತ್ತದೆ, ಸಾವಿರದೊಂದನೆಯ ಸಲ ಮದುಮಗಳ ಸೀರೆ.

ಅದಕ್ಕೆ ಓವರ್‌ಕ್ಲಾಕ್ ಮಾಡುವವರು ವೋಲ್ಟೇಜೂ ಏರಿಸುತ್ತಾರೆ. ಕೊಡ ಇನ್ನಷ್ಟು ತುಂಬಿದರೆ ಮುಳ್ಳು ಬೇಗ ವಾಲುತ್ತದೆ. ಡಿಡಿಆರ್4 ರ‍್ಯಾಮ್‌ನ ಸಹಜ ವೋಲ್ಟೇಜು 1.2, ಎಕ್ಸ್‌ಎಂಪಿ ಒತ್ತಿದರೆ ಸಾಮಾನ್ಯವಾಗಿ 1.35. ಬರೀ 0.15 ತಾನೇ ಎನ್ನಬೇಡಿ. ಬಿಸಿ ಏರುವುದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ, ಅದಕ್ಕೇ ಶೇಕಡಾ 27 ಹೆಚ್ಚು. ಮೇಲೆ ವೇಗವೂ ಒಂದೂವರೆ ಪಟ್ಟು. ಎರಡೂ ಸೇರಿದರೆ ಹೆಚ್ಚುಕಡಿಮೆ ಇಮ್ಮಡಿ ಬಿಸಿ. ಸ್ಟಿಕ್ಕಿನ ಚೀಟಿಯಲ್ಲಿ ಅಚ್ಚಾದ ವೋಲ್ಟೇಜಿನಾಚೆಗೆ ದುಡಿಯುವ ಯಂತ್ರವನ್ನು ಒಯ್ಯಬಾರದು ಎಂಬುದು ನನ್ನ ಮತ.

ವೋಲ್ಟೇಜು ಎಂದೊಡನೆ ಹುಡುಗ ಮೂಲೆಯ ಸ್ಟೆಬಿಲೈಸರ್ ತೋರಿಸಿದ. ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ಊರಿನ ವೋಲ್ಟೇಜು ಇಳಿಯುತ್ತದೆ ಎಂದು ಕೊಂಡದ್ದು. ಅದು ಗೋಡೆಯ 230ರ ಲೆಕ್ಕ, ಇದು ಮದರ್‌ಬೋರ್ಡಿನ ಒಳಲೆಕ್ಕ. ಎಸ್‌ಎಂಪಿಎಸ್ ಡಬ್ಬಿ 230ನ್ನು 12ಕ್ಕೆ ಇಳಿಸುತ್ತದೆ. ಬೋರ್ಡಿನ ಮೇಲೆ ಪ್ರೊಸೆಸರಿನ ಸುತ್ತ ಕುಳಿತ ಚೌಕ ಚೌಕ ಕಾಯಿಲ್‌ಗಳ ಸಾಲು ಆ 12ನ್ನು ಒಂದು ಚಿಲ್ಲರೆಗೆ ಇಳಿಸುತ್ತದೆ. 1.25 ವೋಲ್ಟಿನಲ್ಲಿ 100 ವ್ಯಾಟ್ ಎಳೆಯುವ ಪ್ರೊಸೆಸರಿಗೆ ಹರಿಯುವ ಕರೆಂಟು 80 ಆಂಪಿಯರ್! ಹೊಲದ 5 ಎಚ್‌ಪಿ ಪಂಪು ಒಂದೊಂದು ಫೇಸಿನಲ್ಲಿ ಎಳೆಯುವುದು ಏಳೆಂಟು ಆಂಪಿಯರ್ ಅಷ್ಟೇ. ಕೆಲಸದ ಹೊರೆ ಒಮ್ಮೆಲೇ ಬಿದ್ದಾಗ ಈ ಒಳಗಿನ ವೋಲ್ಟೇಜು ಒಂದಿಷ್ಟು ಕುಸಿಯುತ್ತದೆ. ಅದಕ್ಕೆ ಸ್ಟೆಬಿಲೈಸರ್ ಏನೂ ಮಾಡಲಾರದು.

ಕ್ಯಾಬಿನೆಟ್ಟು ಬಿಚ್ಚಿ ಟಾರ್ಚು ಹಿಡಿದೆ. ಪ್ರೊಸೆಸರಿನಿಂದ ರ‍್ಯಾಮ್ ಕಡೆಗೆ ಹೋಗುವ ತಾಮ್ರದ ಗೆರೆಗಳನ್ನು ನೀವೂ ಒಮ್ಮೆ ನೋಡಿ. ನೇರ ಹೋಗುವುದು ಬಿಟ್ಟು ಕೆಲವು ಗೆರೆಗಳು ಸುಮ್ಮಸುಮ್ಮನೆ ಹಾವಿನ ಹಾಗೆ ಸುತ್ತಿಕೊಂಡು ಹೋಗಿರುತ್ತವೆ, ರಂಗೋಲಿಯ ಎಳೆಯಂತೆ. ಅದು ಅಲಂಕಾರವಲ್ಲ. 3200ರ ವೇಗದಲ್ಲಿ ಒಂದು ತಂತಿಯ ಮೇಲೆ ಸೆಕೆಂಡಿಗೆ 320 ಕೋಟಿ ಬಿಟ್ ಓಡುತ್ತವೆ. ಒಂದು ಬಿಟ್ಟಿಗೆ ಸಿಗುವ ಹೊತ್ತಿನಲ್ಲಿ ಬೆಳಕೇ ಹೋಗುವುದು 9.4 ಸೆಂಟಿಮೀಟರು, ಬೋರ್ಡಿನ ಮೇಲಿನ ಸಂಕೇತ ಅದರ ಅರ್ಧ. ಒಂದು ಬಿಟ್ ಗುರಿ ಮುಟ್ಟುವ ಮೊದಲೇ ಅದರ ಬೆನ್ನಿಗೆ ಇನ್ನೊಂದು ಹೊರಟಿರುತ್ತದೆ. ಎಲ್ಲವೂ ಒಟ್ಟಿಗೆ ಮುಟ್ಟಬೇಕಾದರೆ ಹತ್ತಿರದ ದಾರಿಯವರು ಸುತ್ತು ಹಾಕಿ ಬರಲೇಬೇಕು. ಇಂಥ ದಾರಿಯಲ್ಲಿ ಎರಡು ಸ್ಟಿಕ್ಕಿನ ಜಾಗದಲ್ಲಿ ನಾಲ್ಕು ಕೂರಿಸಿದರೆ ಬಾವಿಯಲ್ಲಿ ಕೂಗಿದಂತೆ ಮಾರ್ದನಿ ಏಳುತ್ತದೆ, ಮಾತು ಕಲಸುತ್ತದೆ.

ಹಿರೇಕೆರೂರಿನ ದೋಸ್ತ ಫೋನಿನಲ್ಲಿ ಇನ್ನೊಂದು ವಾದ ಹೂಡಿದ: “ಸರ, ಇದು ಕಾಸ್ಮಿಕ್ ಕಿರಣದಿಂದ ಆಗಿರಬೇಕ್ರಿ.” ಯಾವುದೋ ವಿಡಿಯೊ ನೋಡಿದ್ದನಂತೆ. ಮಾತು ತೀರಾ ಪೊಳ್ಳಲ್ಲ. 2003ರಲ್ಲಿ ಬೆಲ್ಜಿಯಂನ ಸ್ಕಾರ್ಬೇಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ ಮತಯಂತ್ರದಲ್ಲಿ 4,096 ಮತ ಹೆಚ್ಚು ಬಿತ್ತು. ಎರಡನ್ನು ಹನ್ನೆರಡು ಸಲ ಗುಣಿಸಿದರೆ ಬರುವ ಸಂಖ್ಯೆ. ಹದಿಮೂರನೆಯ ಬಿಟ್ಟೊಂದು ಮಗುಚಿದರೆ ಸರಿಯಾಗಿ ಇಷ್ಟೇ ಏರುತ್ತದೆ. ಗುಮಾನಿ ಬಿದ್ದದ್ದು ಕಾಸ್ಮಿಕ್ ಕಿರಣದ ಮೇಲೆ. ಚಿಪ್ಪಿನ ಪಿಂಗಾಣಿ ಹೊದಿಕೆಯಲ್ಲಿದ್ದ ಯುರೇನಿಯಂ, ಥೋರಿಯಂ ಹೊಮ್ಮಿಸುವ ಆಲ್ಫಾ ಕಣಗಳೂ ಬಿಟ್ ಮಗುಚುತ್ತವೆ ಎಂದು 1970ರ ದಶಕದ ಕೊನೆಯಲ್ಲಿ ಇಂಟೆಲ್‌ನ ಟಿಮೊಥಿ ಮೇ ಮತ್ತು ಮರ್ರೆ ವುಡ್ಸ್ ತೋರಿಸಿಕೊಟ್ಟರು.

ಕಾಸ್ಮಿಕ್ ಕಿರಣಗಳ ಬೆನ್ನು ಹತ್ತಿದ್ದರಲ್ಲಿ ನಮ್ಮ ನಾಡಿನದು ದೊಡ್ಡ ಪಾಲು. ಯುದ್ಧದಿಂದಾಗಿ ಇಂಗ್ಲೆಂಡಿಗೆ ಮರಳಲಾಗದ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ವಿಭಾಗವನ್ನೇ ಕಟ್ಟಿದರು. ಮುಂದೆ ಈ ಕಿರಣಗಳ ಕಾಟ ತಪ್ಪಿಸಿಕೊಳ್ಳಲೆಂದೇ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯಲ್ಲಿ 2.3 ಕಿಲೋಮೀಟರು ಆಳಕ್ಕಿಳಿದು, 1965ರಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಜಾಡು ಹಿಡಿದರು. ಆಕಾಶದಿಂದ ಬಂದು ನಿಮ್ಮ ಕಂಪ್ಯೂಟರಿನ ಲೆಕ್ಕ ಕೆಡಿಸಬಲ್ಲದ್ದು ಕಾಸ್ಮಿಕ್ ಕಿರಣ, ಶನಿಯ ವಕ್ರದೃಷ್ಟಿಯಲ್ಲ. ಆದರೆ ಹಾನಗಲ್ಲಿನ ಒಂದೇ ಅಂಗಡಿಯ ಮೇಲೆ, ಅದೂ ಎಕ್ಸ್‌ಎಂಪಿ ಒತ್ತಿದ ವಾರದಿಂದ, ದಿನಾ ಮಧ್ಯಾಹ್ನ ಬಂದು ಬೀಳುವಷ್ಟು ಶಿಸ್ತು ಕಾಸ್ಮಿಕ್ ಕಿರಣಕ್ಕಿಲ್ಲ.

ಪರೀಕ್ಷೆ ಮಾಡಲು ದುಡ್ಡು ಬೇಕಿಲ್ಲ. 1994ರಲ್ಲಿ ಕ್ರಿಸ್ ಬ್ರೇಡಿ ಬರೆದ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಯಂತ್ರ ಚಾಲೂ ಮಾಡಿದರೆ ಆಯಿತು. ರ‍್ಯಾಮ್ ತುಂಬ ಒಂದು ವಿನ್ಯಾಸ ಬರೆಯುತ್ತದೆ, ಓದಿ ನೋಡುತ್ತದೆ, ಬದಲಾಗಿದ್ದರೆ ಕೆಂಪು ಸಾಲಿನಲ್ಲಿ ತೋರಿಸುತ್ತದೆ. ಹತ್ತು ನಿಮಿಷದಲ್ಲಿ ಎದ್ದು ಹೋಗಬಾರದು, ರಾತ್ರಿಯೆಲ್ಲ ಓಡಬೇಕು. ನಾಲ್ಕು ಸ್ಟಿಕ್ಕು, 3200ರ ವೇಗ: ಇಪ್ಪತ್ತು ನಿಮಿಷಕ್ಕೇ ಪರದೆ ಕೆಂಪಾಯಿತು. ಮಾರನೆಯ ರಾತ್ರಿ ಹೊಸ ಎರಡನ್ನು ತೆಗೆದು ಓಡಿಸಿದ, ಸೊನ್ನೆ ತಪ್ಪು. ಹಳೆಯವನ್ನು ತೆಗೆದು ಹೊಸವನ್ನಷ್ಟೇ ಇಟ್ಟ, ಆಗಲೂ ಸೊನ್ನೆ. ಸ್ಟಿಕ್ಕುಗಳಲ್ಲಿ ದೋಷವಿಲ್ಲ, ಸಂಸಾರ ದೊಡ್ಡದಾಗಿದೆ ಅಷ್ಟೇ. ಅವನ ಪ್ರೊಸೆಸರು ರೈಜನ್ 3000 ಸರಣಿಯದು. ಎರಡು ಸ್ಟಿಕ್ಕಿಗೆ 3200, ನಾಲ್ಕಾದರೆ ಸ್ಟಿಕ್ಕಿನ ಬಗೆ ನೋಡಿ 2933 ಅಥವಾ 2667 ಎಂದು ತಯಾರಕರೇ ಹೇಳಿದ್ದಾರೆ. ಓದಿದವರು ಯಾರು? 2667ಕ್ಕೆ ಇಳಿಸಿ ಮತ್ತೊಂದು ರಾತ್ರಿ ಓಡಿಸಿದ. ಬೆಳಿಗ್ಗೆ ಆರಕ್ಕೆ ಫೋನು: “ಒಂದೂ ಕೆಂಪಿಲ್ಲರೀ ಸರ!” ಆಲ್ಬಮ್ ಕೆಲಸದಲ್ಲಿ ವೇಗ ಇಳಿದದ್ದು ಅವನಿಗೆ ಗೊತ್ತೇ ಆಗಲಿಲ್ಲವಂತೆ.

ನಿಂಬೆಹಣ್ಣನ್ನು ಕ್ಯಾಬಿನೆಟ್ಟಿನಿಂದ ಬಿಡಿಸಿ ಬಾಗಿಲಿಗೆ ಕಟ್ಟಿಸಿದೆ. ಪೂರ್ತಿ ತೆಗೆಸಲು ಅವರ ಅವ್ವ ಒಪ್ಪಲಿಲ್ಲ. ಕೊಳೆತು ರಸ ಸೋರಿದರೆ ಅದು ಆಮ್ಲ, ಬೋರ್ಡಿನ ಮೇಲೆ ಬಿದ್ದರೆ ಕರೆಂಟಿಗೆ ಅಡ್ಡದಾರಿ.

ನಿಮ್ಮ ಯಂತ್ರಕ್ಕೂ ಇಂಥ ಕಾಯಿಲೆ ಇದ್ದರೆ ಒಂದು ಮಾತು ನೆನಪಿಡಿ. ಮೆಮೊರಿ ಕಾರ್ಡನ್ನು ಅಳಿಸುವ ಮೊದಲು ಫೋಟೊಗಳನ್ನು ಬೇರೆ ಕಂಪ್ಯೂಟರಿಗೆ ನೇರವಾಗಿ ಇಳಿಸಿಕೊಳ್ಳಿ. ಎಡವುವ ರ‍್ಯಾಮ್ ದಾಟಿ ಡಿಸ್ಕು ಸೇರಿದ ಫೋಟೊ, ರ‍್ಯಾಮ್ ಸರಿಹೋದ ಮೇಲೂ ನೇರಳೆಯಾಗಿಯೇ ಇರುತ್ತದೆ.