ಅವಧಾನವೂ ಮಿದುಳಿನ ನೆನಪೂ

ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಅಷ್ಟಾವಧಾನ ನಡೆದರೆ, ಸಭೆ ಮುಗಿದು ಜನ ಹೊರಬರುವಾಗ ಕಿವಿಗೆ ಬೀಳುವ ಮಾತು ಬಹುಮಟ್ಟಿಗೆ ಒಂದೇ: "ಏನು ಜ್ಞಾಪಕಶಕ್ತಿಯಪ್ಪ! ಅದೆಲ್ಲ ಹುಟ್ಟಿನಿಂದ ಬರಬೇಕು." ಈ ಮಾತಿನ ಮೊದಲ ಅರ್ಧವನ್ನು ಯಾರೂ ಅಲ್ಲಗಳೆಯರು. ಎರಡನೆಯ ಅರ್ಧವನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾರೆವು. ನೆನಪು ಮೂಡುವುದು, ನಿಲ್ಲುವುದು, ಬೇಕೆಂದಾಗ ಮರಳುವುದು ಹೇಗೆಂಬುದನ್ನು ಕುರಿತು ಮಿದುಳಿನ ವಿಜ್ಞಾನವು ಕಳೆದ ಎಪ್ಪತ್ತು ವರ್ಷಗಳಲ್ಲಿ ಕಂಡುಕೊಂಡಿರುವ ಅನೇಕ ಸಂಗತಿಗಳು ಅವಧಾನದ ಏರ್ಪಾಡಿನಲ್ಲಿಯೇ ಅಡಗಿವೆ.

ಅವಧಾನವನ್ನು ನೋಡದ ವಾಚಕರಿಗಾಗಿ ಎರಡು ಮಾತು. ಅವಧಾನಿಯ ಎದುರಿಗೆ ಎಂಟು ಮಂದಿ ಪೃಚ್ಛಕರು ಕುಳಿತಿರುತ್ತಾರೆ. ಒಬ್ಬರು ಸಮಸ್ಯೆಯ ಸಾಲನ್ನು ಒಡ್ಡುತ್ತಾರೆ. ಇನ್ನೊಬ್ಬರು ನಾಲ್ಕು ಪದಗಳನ್ನು ಕೊಟ್ಟು, ಪಾದಕ್ಕೊಂದರಂತೆ ಸೇರಿಸಿ ಪದ್ಯ ಕಟ್ಟಿರೆನ್ನುತ್ತಾರೆ. ನಿಷೇಧಾಕ್ಷರಿಯವರು ಮುಂದೆ ಬರಬಹುದಾದ ಅಕ್ಷರವನ್ನೇ ಊಹಿಸಿ ಅದು ಬೇಡವೆನ್ನುತ್ತಾರೆ. ಅಪ್ರಸ್ತುತ ಪ್ರಸಂಗಿಯ ಕೆಲಸವಂತೂ ನಡುನಡುವೆ ಹರಟೆ ತೆಗೆದು ಅವಧಾನಿಯ ಗಮನ ಕೆಡಿಸುವುದೇ. (ಸಭೆಗೆ ಹೆಚ್ಚು ರುಚಿಸುವವರು ಇವರೇ ಎಂಬುದನ್ನೂ ಹೇಳಬೇಕು.) ಪದ್ಯವನ್ನು ಒಮ್ಮೆಗೇ ಮುಗಿಸುವಂತಿಲ್ಲ. ಸುತ್ತಿಗೆ ಒಂದು ಪಾದ, ನಾಲ್ಕು ಸುತ್ತು, ಕೊನೆಗೆ ಧಾರಣ, ಎಂದರೆ ಪದ್ಯಗಳನ್ನು ಪೂರ್ತಿಯಾಗಿ ಒಪ್ಪಿಸುವುದು. ಕಾಗದ ಲೇಖನಿಗಳ ನೆರವಿಲ್ಲ. ಈ ಕಲೆಯನ್ನು ಕನ್ನಡದಲ್ಲಿ ಮತ್ತೆ ಬೆಳಗಿಸಿದ ಬೆಂಗಳೂರಿನ ಶತಾವಧಾನಿ ಆರ್. ಗಣೇಶ್ ಅವರು ಸಾವಿರಕ್ಕೂ ಮಿಕ್ಕಿ ಅವಧಾನಗಳನ್ನು ನಡೆಸಿದ್ದಾರೆ. 2012ರಲ್ಲಿ ಇದೇ ನಗರದಲ್ಲಿ ಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನೂ ಮಾಡಿದರು.

ಮನಸ್ಸು ಒಂದು ಕ್ಷಣದಲ್ಲಿ ಹಿಡಿದಿರಬಲ್ಲುದು ಬಹು ಸ್ವಲ್ಪ. 1956ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅವರು ಅದನ್ನು ಸುಮಾರು ಏಳು ಅಂಶಗಳೆಂದರು. ಅನಂತರದವರ ಲೆಕ್ಕ ಇನ್ನೂ ಕಡಿಮೆ, ಸುಮಾರು ನಾಲ್ಕು. ಆದರೆ ಒಂದು ಅಂಶವೆಂದರೆ ಎಷ್ಟು ದೊಡ್ಡದು? ಗುಟ್ಟಿರುವುದು ಇಲ್ಲಿಯೇ. ಉತ್ಪಲಮಾಲೆಯ ಒಂದು ಪಾದದಲ್ಲಿ 20 ಅಕ್ಷರಗಳುಂಟು. ಛಂದಸ್ಸನ್ನು ಅರಿಯದವನಿಗೆ ಅವು ಇಪ್ಪತ್ತು ಬಿಡಿ ಕಾಳುಗಳು. ಅರಿತವನಿಗೆ ಒಂದೇ ಗಂಟು. ಎಲ್ಲಿ ಲಘು, ಎಲ್ಲಿ ಗುರು ಎಂಬುದು ಮೊದಲೇ ಗೊತ್ತು, ಪ್ರಾಸಾಕ್ಷರ ಗೊತ್ತು, ಅರ್ಥದ ಓಟವೂ ಗೊತ್ತು. ತಪ್ಪು ಪದ ನುಸುಳಲು ಜಾಗ ಕಡಿಮೆ. ಸಂಖ್ಯಾಬಂಧವೆಂಬ 25 ಮನೆಗಳ ಮಾಯಾಚೌಕವು ಭೌತವಿಜ್ಞಾನದ ಪಾಠ ಹೇಳುವ ನಮಗೆ ಇನ್ನೂ ಪ್ರಿಯವಾದ ಉದಾಹರಣೆ. ಚೌಕದ ಸೂತ್ರ ತಿಳಿದಿದ್ದರೆ 25 ಸಂಖ್ಯೆಗಳನ್ನೂ ತಲೆಯಲ್ಲಿ ಹೊತ್ತಿರಬೇಕಾಗಿಲ್ಲ. ಕೇಳಿದ ಮನೆಯ ಸಂಖ್ಯೆಯನ್ನು ಆಗಲೇ ಲೆಕ್ಕ ಹಾಕಿ ಹೇಳಬಹುದು.

ಸುತ್ತು ಮುಗಿದು ಅದೇ ಪೃಚ್ಛಕರ ಸರದಿ ಮತ್ತೆ ಬರುವಷ್ಟರಲ್ಲಿ ಎಷ್ಟೋ ಹೊತ್ತು ಕಳೆದಿರುತ್ತದೆ. ಅಲ್ಲಿಯವರೆಗೆ ಮೊದಲ ಪಾದ ಎಲ್ಲಿತ್ತು? ಮಿದುಳಿನ ಎಡಬಲಗಳಲ್ಲಿ, ಕಿವಿಗಳ ನೇರಕ್ಕೆ ಒಳಗೆ, ಕಡಲಕುದುರೆಯಂತೆ ಬಾಗಿದ ಹಿಪ್ಪೊಕ್ಯಾಂಪಸ್ ಎಂಬ ಭಾಗಗಳಿವೆ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನ ಮೂರ್ಛೆರೋಗವನ್ನು ತಗ್ಗಿಸಲೆಂದು ಎರಡು ಕಡೆಯ ಹಿಪ್ಪೊಕ್ಯಾಂಪಸ್ಸನ್ನೂ ಬಹುಮಟ್ಟಿಗೆ ತೆಗೆದುಹಾಕಿದರು. ಆತನ ಬುದ್ಧಿ ಕೆಡಲಿಲ್ಲ. ಬಾಲ್ಯದ ನೆನಪು ಅಳಿಯಲಿಲ್ಲ. ಆದರೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲದಾದುವು. ಈಗ ತಾನೆ ಮಾತನಾಡಿ ಹೋದವರು ಮರಳಿ ಬಂದರೆ ಆತನಿಗೆ ಅಪರಿಚಿತರು. 2008ರಲ್ಲಿ ತೀರಿಕೊಳ್ಳುವವರೆಗೂ ಅದೇ ಸ್ಥಿತಿ.

ಹಾಗೆಂದು ಹಿಪ್ಪೊಕ್ಯಾಂಪಸ್ಸನ್ನು ಉಗ್ರಾಣವೆಂದು ಭಾವಿಸಬಾರದು. ಉಗ್ರಾಣವಾಗಿದ್ದಲ್ಲಿ ಮೊಲೈಸನ್ನನ ಬಾಲ್ಯವೂ ಅದರೊಡನೆ ಹೋಗಬೇಕಾಗಿತ್ತಲ್ಲವೆ? ನೆನಪೆಂಬುದು ನರಕೋಶಗಳು ಒಂದನ್ನೊಂದು ಸಂಧಿಸುವಲ್ಲಿ ಆಗುವ ಬದಲಾವಣೆ. ಪದೇ ಪದೇ ಕೆರಳಿಸಿದ ಸಂಧಿಯು ಗಂಟೆಗಟ್ಟಲೆ ಬಲವಾಗಿ ನಿಲ್ಲುವುದನ್ನು ಬ್ಲಿಸ್ ಮತ್ತು ಲೋಮೊ ಎಂಬ ವಿಜ್ಞಾನಿಗಳು 1973ರಲ್ಲಿ ಮೊಲದ ಮಿದುಳಿನಲ್ಲಿ ತೋರಿಸಿಕೊಟ್ಟರು. ನೆನೆಯುವುದೆಂದರೆ ಒಂದು ಸುಳಿವನ್ನು ಹಿಡಿದು ಅದೇ ಕೋಶಗಳ ಬಳಗವನ್ನು ಮತ್ತೆ ಎಬ್ಬಿಸುವುದು. ಕಾಲುದಾರಿ ನಡೆದಷ್ಟೂ ಸವೆಯುವಂತೆ ಈ ದಾರಿಯೂ ಬಳಸಿದಷ್ಟು ಸುಗಮ. ಆದರೆ ಅಪಾಯವೊಂದುಂಟು: ಎಬ್ಬಿಸಿದ ನೆನಪು ಸ್ವಲ್ಪ ಹೊತ್ತು ಸಡಿಲವಾಗಬಹುದು, ಮತ್ತೆ ಗಟ್ಟಿಯಾಗುವಷ್ಟರಲ್ಲಿ ಬದಲಾಗಲೂಬಹುದು.

ಈ ಅಪಾಯಕ್ಕೆ ನಮ್ಮ ವೇದಪಾಠದವರು ಕಂಡುಕೊಂಡ ಉಪಾಯ ಘನಪಾಠ. ಚಾಮರಾಜಪೇಟೆಯ ಕಡೆ ಅದನ್ನು ಕೇಳಿದ ವಾಚಕರು ಇರಬಹುದು. ಮೂರು ಪದಗಳನ್ನು ಒಂದು, ಎರಡು, ಮೂರು ಎಂದು ಕರೆದರೆ ಘನದ ಕ್ರಮ ಹೀಗೆ: 1-2, 2-1, 1-2-3, 3-2-1, 1-2-3. ಬಳಿಕ ಒಂದು ಪದ ಮುಂದೆ ಸರಿದು ಮತ್ತೆ ಇದೇ ಕ್ರಮ. ಎಣಿಸಿ ನೋಡಿದರೆ ನಡುವಣ ಪ್ರತಿಯೊಂದು ಪದವೂ 13 ಬಾರಿ ಬರುತ್ತದೆ. ಹಿಂದಿನ ಪದಕ್ಕೂ ಮುಂದಿನ ಪದಕ್ಕೂ ತಾನೇ ಸುಳಿವಾಗುತ್ತದೆ. ಜೇಮ್ಸ್ ಹಾರ್ಟ್‌ಜೆಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 21 ಮಂದಿ ವೇದಪಂಡಿತರ ಮಿದುಳುಗಳನ್ನು ಅಷ್ಟೇ ಮಂದಿ ಇತರರವುಗಳೊಡನೆ ಹೋಲಿಸಿದರು. ಪಂಡಿತರಲ್ಲಿ ಭಾಷೆಗೂ ನೆನಪಿಗೂ ಸಂಬಂಧಿಸಿದ ಭಾಗಗಳಲ್ಲಿ, ಹಿಪ್ಪೊಕ್ಯಾಂಪಸ್ಸಿನಲ್ಲಿಯೂ, ಬೂದುದ್ರವ್ಯ ಹೆಚ್ಚಾಗಿ ಕಂಡಿತು. ಅಂಥ ಮಿದುಳು ಹುಟ್ಟಿನಿಂದಲೇ ಇದ್ದು ಅವರು ವೇದಾಧ್ಯಯನದಲ್ಲಿ ಉಳಿದುಕೊಂಡರೋ, ಅಧ್ಯಯನದಿಂದಲೇ ಹಾಗಾಯಿತೋ ಎಂಬುದನ್ನು ಒಂದು ಸಲ ತೆಗೆದ ಚಿತ್ರವಷ್ಟೇ ತೀರ್ಮಾನಿಸಲಾರದು. ಅಭ್ಯಾಸದ ಪಾಲು ದೊಡ್ಡದೆಂದೇ ನಮ್ಮ ಊಹೆ.

ಹೀಗೆ ಊಹಿಸಲು ಕಾರಣವುಂಟು. ಸಾಮಾನ್ಯ ವಿದ್ಯಾರ್ಥಿಗಳಲ್ಲಿಯೂ ಅಭ್ಯಾಸದ ಬಗೆಯನ್ನು ಬದಲಿಸಿದರೆ ನೆನಪು ಬದಲಾಗುತ್ತದೆ. ರೋಡಿಗರ್ ಮತ್ತು ಕಾರ್ಪಿಕಿ ಅವರು 2006ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಗದ್ಯಭಾಗವನ್ನು ಎರಡನೆಯ ಸಲ ಓದಿದವರು ಒಂದು ವಾರದ ತರುವಾಯ ಅದರಲ್ಲಿ ನೂರಕ್ಕೆ 42ರಷ್ಟನ್ನು ಹೇಳಿದರು. ಮತ್ತೆ ಓದುವ ಬದಲು ಪುಸ್ತಕವಿಲ್ಲದೆ ನೆನೆದು ಬರೆದವರು 56ರಷ್ಟನ್ನು ಹೇಳಿದರು. ಐದು ನಿಮಿಷದ ಬಳಿಕ ಕೇಳಿದಾಗ ಮಾತ್ರ ಓದಿದವರೇ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಪುಟ ತಿರುವಿ "ಎಲ್ಲ ಬರುತ್ತದೆ" ಎಂದುಕೊಳ್ಳುವ ಹುಡುಗರು ಈ ಐದು ನಿಮಿಷದ ಮೋಸಕ್ಕೆ ಸಿಕ್ಕಿಬೀಳುತ್ತಾರೆ. ಅವಧಾನಿಯಾದರೋ ಪ್ರತಿ ಸುತ್ತಿನಲ್ಲಿಯೂ ಹಿಂದಿನ ಪಾದಗಳನ್ನು ನೆನೆದೇ ಮುಂದಿನದನ್ನು ಕಟ್ಟಬೇಕು.

ಆದರೆ ಹೆದರಿಸಿ ಕೇಳುವುದು ಬೇರೆ ವಿಷಯ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು 2002ರಲ್ಲಿ ತೋರಿಸಿದಂತೆ, ದಿನದಿನವೂ ಅಲುಗಾಡದಂತೆ ಬಂಧಿಸಿಟ್ಟ ಇಲಿಗಳ ಹಿಪ್ಪೊಕ್ಯಾಂಪಸ್ಸಿನಲ್ಲಿ ನರಕೋಶಗಳ ಕೊಂಬೆಗಳು ಕುಗ್ಗಿದುವು. ಭಯಕ್ಕೆ ಸಂಬಂಧಿಸಿದ ಆಮಿಗ್ಡಲದಲ್ಲಿ ಹಬ್ಬಿದುವು. ಈ ಕುಗ್ಗುವಿಕೆ ಶಾಶ್ವತವೇನಲ್ಲ. ನಿಮ್ಹಾನ್ಸ್‌ನಲ್ಲಿ ಬಿ. ಎಸ್. ಶಂಕರನಾರಾಯಣ ರಾವ್, ಟಿ. ಆರ್. ರಾಜು ಮೊದಲಾದವರು ಹೀಗೆ ಬಳಲಿದ ಇಲಿಗಳಿಗೆ, ಸನ್ನೆಯೊಂದನ್ನು ಒತ್ತಿ ಮಿದುಳಿನ ಸುಖಕೇಂದ್ರವನ್ನು ತಾವೇ ಪ್ರಚೋದಿಸಿಕೊಳ್ಳುವ ಅವಕಾಶವನ್ನು ಕೊಟ್ಟರು. ಕೊಂಬೆಗಳು ಮತ್ತೆ ಹರಡಿದುವು, ದಾರಿ ಕಲಿಯುವ ಶಕ್ತಿಯೂ ಮರಳಿತೆಂದು 2008ರಲ್ಲಿ ವರದಿ ಮಾಡಿದರು.

ಇಲಿಯ ಸನ್ನೆಗೂ ನಮ್ಮ ಹುಡುಗರ ಪರೀಕ್ಷೆಗೂ ನೇರವಾಗಿ ಗಂಟು ಹಾಕುವುದು ಸಲ್ಲದು. ಆದರೂ ನಮ್ಮ ತರಗತಿಯಲ್ಲಿ ಮೊದಲ ಐದು ನಿಮಿಷ, ಹಿಂದಿನ ವಾರದ ಪಾಠದಿಂದ ಮೂರು ಪ್ರಶ್ನೆಗಳನ್ನು ಕೇಳುವಾಗ, ಪುಸ್ತಕ ಮುಚ್ಚಿಸುತ್ತೇವೆ. ಅಂಕಗಳನ್ನು ಮಾತ್ರ ಹಾಕುವುದಿಲ್ಲ.