ಅಪ್ಪನ ಸೊಂಟ, ನಮ್ಮ ಲಿವರ್ ಲೆಕ್ಕ

ಕಳೆದ ದೀಪಾವಳಿ ರಜೆಗೆ ಸವಳಂಗಕ್ಕೆ ಹೋದಾಗ ಮನೆ ಮುಂದೆ ಮೆಕ್ಕೆಜೋಳದ ಚೀಲಗಳ ಸಾಲು. ಟ್ರ್ಯಾಕ್ಟರ್‌ಗೆ ಚೀಲ ಏರಿಸುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡು ಕೂತುಬಿಟ್ಟರು. ಹತ್ತು ದಿನ ಹಾಸಿಗೆ. ಆಗ ಬಿಪಿಟಿ ಓದುತ್ತಿರುವ ಅಕ್ಕನ ಅನಾಟಮಿ ಪುಸ್ತಕ ತೆಗೆದು ನೋಡಿದೆ.

ತಲೆ ತಿರುಗಿತು. ಮೂಳೆಗಳನ್ನು ಆಡಿಸುವ ಸ್ನಾಯುಗಳೇ 600ಕ್ಕೂ ಹೆಚ್ಚು, ಒಂದೊಂದಕ್ಕೂ ಲ್ಯಾಟಿನ್ ಹೆಸರು. ಅಕ್ಕ ನಕ್ಕಳು. "ಬಾಯಿಪಾಠ ಮಾಡಬೇಡ ಮಾರಾಯ. ಎಲ್ಲಿಂದ ಎಲ್ಲಿಗೆ ಕಟ್ಟಿದೆ, ನಡುವೆ ಯಾವ ಕೀಲು ಇದೆ ನೋಡು. ಅದರ ಕೆಲಸ ಏನು ಅಂತ ನೀನೇ ಹೇಳ್ತೀಯ."

ಸ್ನಾಯು ಹಗ್ಗದ ಹಾಗೆ. ಎಳೆಯುತ್ತೆ, ತಳ್ಳೋಕೆ ಬರಲ್ಲ. ಅದಕ್ಕೇ ಜೋಡಿ ಬೇಕು: ಮೊಣಕೈ ಮಡಿಸಲು ಮುಂದೆ ಬೈಸೆಪ್ಸ್, ಬಿಡಿಸಲು ಹಿಂದೆ ಟ್ರೈಸೆಪ್ಸ್.

ಬೈಸೆಪ್ಸ್ ಅಂದ್ರೆ ಬರೀ ಕೈ ಮಡಿಸೋದು ಅಂದುಕೊಂಡಿದ್ದೆ. ಅದು ಭುಜದ ಮೂಳೆಯ ಎರಡು ಕಡೆಯಿಂದ ಹೊರಟು, ಮುಂಗೈಯ ಎರಡು ಮೂಳೆಗಳಲ್ಲಿ ಹೆಬ್ಬೆರಳಿನ ಕಡೆಯ ರೇಡಿಯಸ್‌ಗೆ ಅಂಟುತ್ತದೆ. ಆ ಮೂಳೆ ತಿರುಗುವಂಥದ್ದು. ಹಾಗಾಗಿ ಬೈಸೆಪ್ಸ್ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಕೆಲಸವನ್ನೂ ಮಾಡುತ್ತದೆ. ವರ್ಕ್‌ಶಾಪ್‌ನಲ್ಲಿ ಮೊಣಕೈ ಮಡಿಸಿ, ಬಲಗೈಯಲ್ಲಿ ಸ್ಕ್ರೂ ಬಿಗಿ ಮಾಡುತ್ತಾ ಎಡಗೈಯಿಂದ ತೋಳು ಮುಟ್ಟಿ ನೋಡಿ, ಉಬ್ಬುವುದು ಗೊತ್ತಾಗುತ್ತೆ. ಅದರ ಕೆಳಗೇ ಇರುವ ಬ್ರೇಕಿಯಾಲಿಸ್ ಇನ್ನೊಂದು ಮೂಳೆ ಅಲ್ನಾಗೆ ಅಂಟಿದೆ. ಅಲ್ನಾ ತಿರುಗಲ್ಲ, ಹಾಗಾಗಿ ಈ ಸ್ನಾಯು ಮಡಿಸುತ್ತೆ ಅಷ್ಟೇ.

ಈಗ ಸೊಂಟಕ್ಕೆ ಬರೋಣ. ಬೆನ್ನು ನೆಟ್ಟಗೆ ಹಿಡಿಯುವ ಎರೆಕ್ಟರ್ ಸ್ಪೈನೇ ಕೆಳಗೆ ತ್ರಿಕಾಸ್ಥಿ ಮತ್ತು ಸೊಂಟದ ಮೂಳೆಯಿಂದ ಹೊರಟು, ಮೇಲೆ ಪಕ್ಕೆಲುಬು, ಕಶೇರುಗಳಿಗೆ ಅಂಟುತ್ತದೆ. ಸೊಂಟದ ಭಾಗದ ಕಶೇರುಗಳ ನಡುವಿನ ಕೀಲಿನ ಕೇಂದ್ರದಿಂದ ಅದಕ್ಕಿರುವ ಅಂತರ ಸುಮಾರು 5 ಸೆಂಮೀ. ಬಗ್ಗಿ 50 ಕೆಜಿ ಚೀಲವನ್ನು 40 ಸೆಂಮೀ ಮುಂದೆ ಹಿಡಿದರೆ? ಮೊದಲ ಸೆಮಿಸ್ಟರ್‌ನ ಮೊಮೆಂಟ್ ಲೆಕ್ಕ: 50 × 40 ÷ 5. ಸ್ನಾಯು 400 ಕೆಜಿ ತೂಕದಷ್ಟು ಬಲದಿಂದ ಎಳೆಯಬೇಕು. ಅಪ್ಪನ ಮೈಭಾರ ಇನ್ನೂ ಸೇರಿಸಿಲ್ಲ! ಆ ಎಳೆತವೆಲ್ಲ ಕಶೇರುಗಳ ನಡುವಿನ ಡಿಸ್ಕ್ ಮೇಲೆ ಒತ್ತಡವಾಗಿ ಬೀಳುತ್ತದೆ. ಚೀಲವನ್ನು 20 ಸೆಂಮೀಗೆ ತಂದರೆ ಬಲ ಅರ್ಧ.

ಮೊಣಕಾಲು ಯಾಕೆ ಮಡಿಸಬೇಕು? ತೊಡೆ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಬಹುಪಾಲು ನಾವು ಕೂರುವ ಮೂಳೆಯಿಂದ ಹೊರಟು ಮೊಣಕಾಲಿನ ಕೆಳಗೆ ಅಂಟುತ್ತದೆ, ಎರಡು ಕೀಲು ದಾಟುತ್ತದೆ. ಕಾಲು ನೆಟ್ಟಗಿಟ್ಟು ಬಗ್ಗಿದರೆ ಅದು ಬಿಗಿದು ಸೊಂಟದ ಮೂಳೆಯನ್ನು ಹಿಡಿದುಕೊಳ್ಳುತ್ತದೆ, ಬಾಗುವ ಪಾಡು ಬೆನ್ನಿಗೆ. ಮೊಣಕಾಲು ಮಡಿಸಿದರೆ ಹಗ್ಗ ಸಡಿಲ. ಏಳುವಾಗ ಪೃಷ್ಠದ ಗ್ಲೂಟಿಯಸ್ ಮ್ಯಾಕ್ಸಿಮಸ್, ತೊಡೆ ಮುಂದಿನ ಕ್ವಾಡ್ರಿಸೆಪ್ಸ್ ಕೆಲಸಕ್ಕಿಳಿಯುತ್ತವೆ. ಆದರೆ ಕುಕ್ಕರಗಾಲಲ್ಲಿ ಕೂತೂ ಚೀಲವನ್ನು ದೂರವೇ ಹಿಡಿದರೆ ಏನೂ ಪ್ರಯೋಜನವಿಲ್ಲ. ಆ 40 ಹಾಗೇ ಉಳಿಯುತ್ತೆ.

ಇದನ್ನೆಲ್ಲ ಕ್ಯಾಲೆಂಡರ್ ಹಿಂದೆ ಚಿತ್ರ ಬರೆದು ಅಪ್ಪನಿಗೆ ತೋರಿಸಿದೆ. ಚೀಲಕ್ಕೆ ಇಬ್ಬರಾದರೆ 50 ಹೋಗಿ 25 ಆಗುತ್ತೆ ಅಂದೆ. ಅವರು ತುಂಬಾ ಹೊತ್ತು ನೋಡಿ, "ಸರಿ, ಎರಡನೇ ಆಳು ನೀನೇ" ಅಂದರು.